ಹೊಸ ಭುಜ ಮತ್ತು ಎಣ್ಣೆಯ ಕಲೆ

ನಾನು ನನ್ನ ಹೆಂಡತಿಗಿಂತ ನಾಲ್ಕು ಬೆರಳು ಗಿಡ್ಡ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಬಲಭುಜ ಮುರಿದದ್ದು, ಅದರ ಜಾಗದಲ್ಲಿ ಈಗ ಲೋಹದ ಗುಂಡೊಂದು ಕೂತಿರುವುದು, ಆ ಗುಂಡು ನನ್ನ ಮಾತನ್ನು ಅರ್ಧ ಮಾತ್ರ ಕೇಳುವುದು, ಎಲ್ಲಕ್ಕೂ ಮೂಲ ಈ ನಾಲ್ಕು ಬೆರಳು.

ಮದುವೆಯ ಫೋಟೋದಲ್ಲಿ ನಾವಿಬ್ಬರೂ ಸರಿಸಮ ಕಾಣುತ್ತೇವೆ. ನಂಬಬೇಡಿ. ಮೂಗೂರಿನ ಹೆಣ್ಣಿನ ಮನೆಯ ಚಪ್ಪರದಲ್ಲಿ ನಮ್ಮನ್ನು ನಿಲ್ಲಿಸಿ, ಟಿ. ನರಸೀಪುರದಿಂದ ಬಂದಿದ್ದ ಫೋಟೋದವನು ಕ್ಯಾಮೆರಾಕ್ಕೆ ಕಣ್ಣಿಟ್ಟ, ತಲೆ ಎತ್ತಿದ, ಮತ್ತೆ ಕಣ್ಣಿಟ್ಟ. ಆಮೇಲೆ ಸಂಕೋಚದಿಂದ, "ಗಂಡಿನ ಕಾಲ್ ಕೆಳಕ್ಕೆ ಏನಾರ ಕೊಡ್ರಪ್ಪ" ಎಂದ. ನನ್ನ ತಂಗಿ ನಾಗರತ್ನ ಆಗಿನ್ನೂ ಲಂಗ ಉಡುತ್ತಿದ್ದವಳು. ಅಡುಗೆಯವರು ಒಲೆ ಹೂಡಿದ್ದ ಕಡೆ ಓಡಿಹೋಗಿ ಒಂದು ಇಟ್ಟಿಗೆ ತಂದು ನನ್ನ ಕಾಲ ಬಳಿ ಇಟ್ಟಳು. ಫೋಟೋ ಮೊಣಕಾಲಿನಿಂದ ಮೇಲಕ್ಕೆ ಬಂದಿದೆ. ಇಟ್ಟಿಗೆ ಇನ್ನೂ ಬಿಸಿಯಾಗಿತ್ತು. ನನ್ನ ಮುಖದಲ್ಲಿರುವ ಭಾವವನ್ನು ನೋಡಿದವರೆಲ್ಲ, ಎಷ್ಟು ನಾಚಿಕೆಯ ಹುಡುಗ, ಎನ್ನುತ್ತಾರೆ.

ನಂಜನಗೂಡಿನಲ್ಲಿ ನನ್ನದು ಪಂಪ್‌ಸೆಟ್ ಸ್ಪೇರ್‌ಪಾರ್ಟ್ಸ್ ಅಂಗಡಿ. ವಾಷರು, ಬುಷ್ಷು, ಬೇರಿಂಗು, ಫುಟ್‌ವಾಲ್ವು. ಸೂರಿಗೆ ನೇತುಹಾಕಿದ್ದನ್ನು ಇಳಿಸಲು ಕೊಕ್ಕೆ ಕಟ್ಟಿದ ಕೋಲೊಂದಿದೆ. ಹಾಗಾಗಿ ಅಂಗಡಿಯಲ್ಲಿ ನನ್ನ ಎತ್ತರದ ಪ್ರಶ್ನೆ ಎಂದೂ ಬರಲಿಲ್ಲ. ಮನೆ ಮಾತ್ರ ಪೂರ್ತಿಯಾಗಿ ನನ್ನ ಹೆಂಡತಿ ಪುಟ್ಟಮ್ಮಣ್ಣಿಯ ಅಳತೆಯದು. ಕಾಫಿಪುಡಿ, ಬೆಲ್ಲ, ರಾಗಿಹಿಟ್ಟು, ಹುರುಳಿಕಾಳು, ಎಲ್ಲ ಡಬ್ಬಗಳೂ ಅಡುಗೆಮನೆಯ ಮೇಲಿನ ಹಲಗೆಯಲ್ಲಿ. ಅವಳು ಕೈ ಎತ್ತಿದರೆ ಸಿಗುತ್ತಿತ್ತು, ನಾನು ದನಿ ಎತ್ತಿದರೆ ಸಿಗುತ್ತಿತ್ತು. ಮಕ್ಕಳಿಲ್ಲದ ಮನೆಯಲ್ಲಿ ಇಬ್ಬರೇ ಇದ್ದುದರಿಂದ ಈ ಏರ್ಪಾಟು ಬಹಳ ವರ್ಷ ಚೆನ್ನಾಗಿಯೇ ನಡೆಯಿತು.

ಅವಳಿಗೆ ಇನ್ನೊಂದು ಅಭ್ಯಾಸವಿತ್ತು. ನಾನು ಊಟಕ್ಕೆ ಕೂತಾಗ ಅಡುಗೆಮನೆ ಬಾಗಿಲ ಪಕ್ಕದ ಗೋಡೆಗೆ ತಲೆ ಆನಿಸಿ, ಒಂದು ಕಾಲನ್ನು ಹಿಂದಕ್ಕೆ ಮಡಿಸಿ ಗೋಡೆಗೇ ಊರಿ, ಕೇರಿಯ ಸಮಾಚಾರವನ್ನೆಲ್ಲ ಒಪ್ಪಿಸುತ್ತಿದ್ದಳು. ತಲೆಗೆ ಧಾರಾಳವಾಗಿ ಹರಳೆಣ್ಣೆ. ಗೋಡೆಯ ಮೇಲೆ ಸಾಸರಿನಗಲದ ಕಲೆ. ಪ್ರತಿ ಯುಗಾದಿಗೆ ಸುಣ್ಣ ಬಳಿಸುತ್ತಿದ್ದೆ, ಗೌರಿಹಬ್ಬದ ಹೊತ್ತಿಗೆ ಕಲೆ ಮತ್ತೆ ಹಾಜರು. "ಒರಗೋಕೆ ನಿನಗೆ ಗೋಡೇನೇ ಬೇಕಾ?" ಎಂದು ಒಮ್ಮೆ ರೇಗಿದೆ. "ಮತ್ತೇನು ನಿಮ್ಮ ಹೆಗಲಿಗೆ ಒರಗಾನಾ? ಕತ್ತು ಉಳುಕ್ತದೆ" ಎಂದಳು. ಒಂದು ವರ್ಷ ಹಟ ಹಿಡಿದು ಗೋಡೆಯ ಹತ್ತಿರ ನಿಲ್ಲಲೇ ಇಲ್ಲ, ಕಂಬದಂತೆ ನಡುಮನೆಯಲ್ಲಿ ನಿಂತೇ ಮಾತಾಡಿದಳು. ಆದರೂ ಕಲೆ ಬಂತು. "ಆಣೆಗೂ ನಾ ಆನಿಸಿಲ್ಲ ಕಣ್ರೀ" ಎಂದಳು. ನಾನು ಅಂಗಡಿಗೆ ಹೋದ ಮೇಲೆ ಆನಿಸುತ್ತಾಳೆ ಎಂದು ತೀರ್ಮಾನಿಸಿದೆ. ವ್ಯಾಪಾರಸ್ಥನಿಗೆ ಯಾರ ಮಾತನ್ನೂ ಪೂರ್ತಿ ನಂಬುವ ಅಭ್ಯಾಸವಿರುವುದಿಲ್ಲ.

ಒಂದು ಮಾರ್ಗಶಿರದಲ್ಲಿ ಅವಳು ಜ್ವರವೆಂದು ಮಲಗಿದಳು, ವಾರದೊಳಗೆ ಹೋದಳು. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಗುಂಡಿ ತೋಡುತ್ತಿದ್ದವರಲ್ಲಿ ಒಬ್ಬ ಮೇಲೆ ನೋಡಿ, "ಇನ್ನೊಂಚೂರು ಆಳ ತಗೀರ್ಲಾ, ಅಮ್ಮೋರು ಎತ್ತರ" ಎಂದ. ಎಲ್ಲರೂ ನನ್ನನ್ನು ನೋಡಿದರು, ಅಳುತ್ತಾನೆಂದು. ನನಗೆ ಇಟ್ಟಿಗೆ ನೆನಪಾಗಿ ನಗು ಬಂದಂತಾಯಿತು. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಅಂಗಡಿ ತೆರೆದೆ, ವಾಷರು ಮಾರಿದೆ.

ಬನ್ನೂರಿನಲ್ಲಿ ಕೊಟ್ಟಿರುವ ನಾಗರತ್ನ ಬಂದಾಗಲೆಲ್ಲ, "ಅಣ್ಣ, ಡಬ್ಬಗಳನ್ನ ಕೆಳಗಿಟ್ಕೋ" ಎನ್ನುತ್ತಿದ್ದಳು. ಯಾಕೋ ಮನಸ್ಸಾಗಲಿಲ್ಲ. ಇಟ್ಟವಳು ಇಟ್ಟ ಜಾಗದಲ್ಲೇ ಇರಲಿ ಎಂದು ಸ್ಟೂಲು ಹತ್ತಿ ತೆಗೆಯುತ್ತಿದ್ದೆ, ಸ್ಟೂಲು ಹತ್ತಿ ಇಡುತ್ತಿದ್ದೆ. ಗೌರಿಹಬ್ಬ ಕಳೆದ ಒಂದು ಬೆಳಿಗ್ಗೆ ಕಾಫಿಪುಡಿಯ ಡಬ್ಬ ಹಿಡಿದು ಇಳಿಯುವಾಗ ಸ್ಟೂಲು ವಾಲಿ, ಡಬ್ಬ ಕಾಪಾಡುವುದೋ ಮೈ ಕಾಪಾಡುವುದೋ ಎಂಬ ಪ್ರಶ್ನೆ ಬಂತು. ಡಬ್ಬ ಕಾಪಾಡಿದೆ. ಪುಡಿ ಒಂದು ಚಮಚವೂ ಚೆಲ್ಲಲಿಲ್ಲ.

ನಮ್ಮೂರ ದೇವರಿಗೆ ವೈದ್ಯನೆಂದೇ ಹೆಸರು. ಎಲ್ಲೆಲ್ಲಿಂದಲೋ ಜನ ರೋಗ ವಾಸಿಯಾಗಲೆಂದು ಇಲ್ಲಿಗೆ ಬರುತ್ತಾರೆ. ನಾನು ಇಲ್ಲಿಂದ ಮೈಸೂರಿಗೆ ಹೋದೆ. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ತೋಳಿನ ಮೂಳೆಯ ತಲೆ ಚೂರುಚೂರಾಗಿದೆ, ಕೂಡಿಸಲಾಗದು, ತೆಗೆದು ಬೇರೆಯದನ್ನು ಹಾಕಬೇಕು ಎಂದರು.

"ಹೋಗಿರೋದು ಬಾಲೋ ಬುಷ್ಷೋ ಸಾರ್?" ಎಂದೆ, ಗುಂಡು ಕೆಟ್ಟಿದೆಯೋ ಅದು ತಿರುಗುವ ಬಳೆ ಕೆಟ್ಟಿದೆಯೋ ಎಂಬ ಅರ್ಥದಲ್ಲಿ.

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಬಾಲು" ಎಂದರು. ನನಗೆ ಸಮಾಧಾನವಾಯಿತು. ಅರ್ಥವಾಗುವಂಥ ಕಾಯಿಲೆ ಬರುವುದೂ ಒಂದು ಅದೃಷ್ಟ.

ಆ ಕಾಲಕ್ಕೆ ಮಂಡಿ ಬದಲಾಯಿಸಿಕೊಂಡವರು ಊರಿಗೊಬ್ಬರು ಸಿಗಲು ಶುರುವಾಗಿದ್ದರು. ಭುಜ ಬದಲಾಯಿಸಿಕೊಂಡವನು ನಮ್ಮ ಕಡೆ ನಾನೇ ಇರಬೇಕು. ತೋಳನ್ನು ಕತ್ತಿಗೆ ತೂಗುಹಾಕಿಕೊಂಡು ಅಂಗಡಿಯಲ್ಲಿ ಕೂತರೆ ಗಿರಾಕಿಗಳು ತಾವೇ ಒಳಗೆ ಬಂದು ಬೇಕಾದ್ದನ್ನು ಹುಡುಕಿಕೊಳ್ಳುತ್ತಿದ್ದರು. ಹೋಗುವಾಗ ನನ್ನ ಭುಜವನ್ನೂ ಪರೀಕ್ಷಿಸಿ ಹೋಗುತ್ತಿದ್ದರು. ಹೆಮ್ಮರಗಾಲದ ಮಾದಪ್ಪ ಹಳೆಯ ಗಿರಾಕಿ, ಭತ್ತದ ಬೇಸಾಯ, ಬಾಯಿಗೆ ಬೀಗವಿಲ್ಲದವನು.

"ಮಂಡಿ ಬದ್ಲಾಯ್ಸದ ಕೇಳಿವ್ನಿ ಸಾವ್ಕಾರ್ರೆ. ರಟ್ಟೆನೂ ಬದ್ಲಾಯ್ಸಾರಾ?"

"ಬದಲಾಯಿಸಿದ್ದಾರಲ್ಲಪ್ಪ."

"ಕಂಪ್ನಿ ಮಾಲಾ, ಲೋಕಲ್ಲಾ?"

"ಕಂಪ್ನಿದೇ ಕಣಯ್ಯ."

"ವಾರಂಟಿ ಕೊಟ್ಟವ್ರಾ?"

"ಅದೆಲ್ಲ ಕೊಡಲ್ಲ."

"ಮತ್ಯಾಕ್ ಆಕಿಸ್ಕಂಡ್ರಿ? ವಾರಂಟಿ ಇಲ್ದಿದ್ ಮಾಲು ಕೈಲೂ ಮುಟ್ಬ್ಯಾಡಿ ಅಂತ ನಮ್ಗೆ ಬುದ್ದಿ ಯೋಳ್ತಿದ್ರಿ." ಅವನು ಬುಷ್ಷನ್ನು ಜೇಬಿಗಿಳಿಸಿ ಹೊರಟವನು ತಿರುಗಿ, "ಒಸಾ ಬಾಲು ಕಣ್ರೀ, ಮದ್ಲೇ ಲೋಡ್ ಆಕ್ಬುಟ್ಟೀರಿ. ಸುಮ್ಕೆ ತಿರುಗಿಸ್ಕಂಡಿರಿ ವಸಿ ದಿನ" ಎಂದ. ಅದು ಪ್ರತಿ ಗಿರಾಕಿಗೂ ನಾನೇ ಹೇಳುತ್ತಿದ್ದ ಮಾತು. ಸ್ವಂತ ಉಪದೇಶ ಕಿವಿಗೆ ಇಷ್ಟು ಕಹಿ ಎಂದು ಗೊತ್ತಿರಲಿಲ್ಲ.

ಬಲಗೈ ಇಲ್ಲದೆ ಬದುಕಿ ನೋಡಿದ ಮೇಲೆ ದೇವರುಗಳ ವಿಷಯದಲ್ಲಿ ನನಗೆ ಹೊಸ ಗೌರವ ಬಂತು. ನಾಲ್ಕು ಕೈ, ಎಂಟು ಕೈ ಎಂದರೆ ಮಹಿಮೆಯ ಗುರುತು ಎಂದುಕೊಂಡಿದ್ದೆ. ಅಲ್ಲ, ಮುಂಜಾಗ್ರತೆ. ಸ್ಪೇರ್ ಇಟ್ಟುಕೊಂಡಿದ್ದಾರೆ. ನನಗೆ ಪಂಚೆ ಕಟ್ಟಲಾಗದು, ಗಡ್ಡ ಹೆರೆಯಲಾಗದು. ಬಲಗೈ ಹಣೆಗೆ ಬರುವುದಿಲ್ಲವಾದ್ದರಿಂದ ವಿಭೂತಿ ಹಚ್ಚಲು ಹಣೆಯೇ ಬಗ್ಗಿ ಕೈಯ ಬಳಿಗೆ ಹೋಗಬೇಕು. ಮೂರು ಗೆರೆ ಒಂದೇ ಕಡೆ ವಾಲಿ, ಮಳೆಗೆ ಜಾರಿದ ಗದ್ದೆಯ ಬದುಗಳಂತೆ ಕಾಣುತ್ತಿದ್ದವು. ನಾಗರತ್ನ ಬನ್ನೂರಿನ ಮನೆಯನ್ನು ಸೊಸೆಗೆ ಒಪ್ಪಿಸಿ ನನ್ನನ್ನು ನೋಡಿಕೊಳ್ಳಲು ಬಂದಳು. ಬಂದ ದಿನವೇ ಮೇಲಿನ ಡಬ್ಬಗಳನ್ನೆಲ್ಲ ಇಳಿಸಿ ಕೆಳಗಿಟ್ಟು, ಸ್ಟೂಲನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು. ಹಲಗೆ ಖಾಲಿಯಾಯಿತು. ಪುಟ್ಟಮ್ಮಣ್ಣಿ ಇಟ್ಟದ್ದು ಇಟ್ಟಂತೆ ಉಳಿದದ್ದು ಇನ್ನು ಗೋಡೆಯ ಮೇಲಿನ ಕಲೆ ಒಂದೇ. ಸಾವಾದ ಮನೆ, ಆ ವರ್ಷ ಹಬ್ಬವಿರಲಿಲ್ಲ, ಸುಣ್ಣವೂ ಬಿದ್ದಿರಲಿಲ್ಲ.

ವ್ಯಾಯಾಮ ಕಲಿಸುತ್ತಿದ್ದವರು ಬಸ್‌ಸ್ಟ್ಯಾಂಡಿನ ಹತ್ತಿರದ ನರ್ಸಿಂಗ್ ಹೋಮಿನ ಶೋಭಾ ಮೇಡಂ. ವಯಸ್ಸಿನಲ್ಲಿ ನನ್ನ ಮಗಳಾಗಬಹುದಾದವರು, ಶಿಸ್ತಿನಲ್ಲಿ ನನ್ನ ಹೆಡ್‌ಮಾಸ್ಟರ್. ಬಗ್ಗಿ ನಿಂತು ತೋಳನ್ನು ಆನೆಯ ಸೊಂಡಿಲಿನಂತೆ ತೂಗಬೇಕು. ಕೋಲೊಂದನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಬೇಕು. ಅಂಗಡಿಯ ಕೊಕ್ಕೆಕೋಲು ಅದಕ್ಕೆ ಬಂತು. ಬೆರಳುಗಳು ಇರುವೆಯಂತೆ ಗೋಡೆ ಹತ್ತಬೇಕು, ಮುಟ್ಟಿದ ಕಡೆ ಪೆನ್ಸಿಲಿನಿಂದ ಗೀಟು ಹಾಕಬೇಕು.

"ಹಿಮ್ಮಡಿ ಎತ್ತಬಾರದು ಸಾರ್. ಹಿಮ್ಮಡಿ ಎತ್ತಿದರೆ ಕೈ ಎತ್ತಿದ ಹಾಗಲ್ಲ."

ಗಿಡ್ಡ ಮನುಷ್ಯನಿಗೆ ಇದಕ್ಕಿಂತ ಕಠಿಣವಾದ ನಿಯಮ ಬೇರೆ ಇಲ್ಲ. ಬದುಕಿಡೀ ಹಿಮ್ಮಡಿ ಎತ್ತಿಯೇ ಬದುಕಿದವನು ನಾನು.

ಯಾವ ಗೋಡೆ ಎಂದು ಅವರು ಹೇಳಿರಲಿಲ್ಲ. ನಾನು ಅಡುಗೆಮನೆ ಬಾಗಿಲ ಪಕ್ಕದ್ದನ್ನೇ ಆರಿಸಿಕೊಂಡೆ. ಕಲೆ ಸರಿಯಾಗಿ ನನ್ನ ನೆತ್ತಿಯ ಎತ್ತರಕ್ಕಿತ್ತು. ಬೆರಳುಗಳು ಸೊಂಟದಿಂದ ಹೊರಟು ಎದೆಯ ತನಕ ಹತ್ತಿ ನಿಂತುಬಿಡುತ್ತಿದ್ದವು. ಅಲ್ಲಿಂದ ಕಲೆಯನ್ನು ನೋಡಿದರೆ ಬೆಟ್ಟದ ಬುಡದಲ್ಲಿ ನಿಂತು ಗುಡಿಯನ್ನು ನೋಡಿದಂತೆ. ಆದರೂ ದಿನಕ್ಕಿಷ್ಟು ಹತ್ತುತ್ತಿತ್ತು, ಗೀಟುಗಳು ಮೇಲೇರುತ್ತಿದ್ದವು. ಶೋಭಾ ಮೇಡಂ ಶಭಾಷ್ ಎಂದರು. ಅಷ್ಟರಲ್ಲಿ ಮಾರ್ಗಶಿರ ಬಂತು.

ವರ್ಷದ ಪುಣ್ಯಸ್ಮರಣೆಗೆ ಮಠದ ಸ್ವಾಮಿಗಳು ಮನೆಗೆ ಬಂದರು. ಡಾಕ್ಟರು ಮಾಡಬಾರದ್ದನ್ನೆಲ್ಲ ನನಗೆ ಹೇಳಿಕೊಟ್ಟಿದ್ದರು: ಭಾರ ಎತ್ತಬಾರದು, ಕೈ ಊರಿ ಏಳಬಾರದು, ಸ್ಕೂಟರ್ ಓಡಿಸಬಾರದು. ಸ್ವಾಮಿಗಳಿಗೆ ಅಡ್ಡ ಬೀಳಬಾರದು ಎಂದು ಹೇಳಿರಲಿಲ್ಲ. ಹೇಳಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಕಾವಿ ಕಂಡ ತಕ್ಷಣ ನಮ್ಮ ಮನೆತನದವರ ಮಂಡಿ ತಾನಾಗಿ ಮಡಚಿಕೊಳ್ಳುತ್ತದೆ. ಮೈ ಚಾಚಿ ಮಲಗಿದೆ, ಎರಡೂ ಕೈ ಮುಂದಕ್ಕೆ. ಏಳಲೆಂದು ಬಲಗೈ ಊರಿದೆ. ಒಳಗೆ ಏನೋ ಲಟಕ್ ಎಂದಿತು.

"ಏಳಪ್ಪ" ಎಂದರು ಸ್ವಾಮಿಗಳು.

ನಾನು ಏಳಲಿಲ್ಲ.

"ಸಾಕು ಏಳಪ್ಪ. ಹೋದವರು ಹೋದರು. ಸಮಾಧಾನ ಮಾಡ್ಕೋ."

ನಾನು ಏಳಲಿಲ್ಲ. ಕಣ್ಣಲ್ಲಿ ನೀರು ಧಾರೆಯಾಗಿ ನೆಲಕ್ಕೆ ಇಳಿಯುತ್ತಿತ್ತು. ನೆರೆದಿದ್ದ ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು. ನಾಗರತ್ನ ಕೈ ಮುಗಿದು, "ಅಳ್ಲಿ ಬುಡಿ ಬುದ್ದಿ. ಅವತ್ತಿಂದ ಒಂದು ಹನಿ ಹಾಕಿಲ್ಲ ನಮ್ಮಣ್ಣ" ಎಂದಳು. ಅಂಥ ಹೊತ್ತಿನಲ್ಲಿ ನೆಲದಿಂದ ನಾನು, "ಬುದ್ದೀ, ಕೈ ಕಳಚಿಕೊಂಡಿದೆ" ಎಂದೆ.

ಸ್ವಾಮಿಗಳ ಕಾರಿನಲ್ಲೇ ಮೈಸೂರಿಗೆ ಹೋದೆ. ಹಿಂದಿನ ಸೀಟಿನಲ್ಲಿ ತಂಗಿಯ ತೊಡೆಯ ಮೇಲೆ ತಲೆಯಿಟ್ಟು ದಾರಿಯುದ್ದಕ್ಕೂ ಅತ್ತೆ. ಮೊದಲು ನೋವಿಗೇ ಅತ್ತದ್ದು, ಅದರಲ್ಲಿ ಮೋಸವಿಲ್ಲ. ಆದರೆ ಅಳು ಒಂದು ಸಲ ಹೊರಟ ಮೇಲೆ ಹಿಂದೆ ಕಾದು ನಿಂತಿದ್ದದ್ದೆಲ್ಲ ಅದರ ಜೊತೆಗೇ ಹೊರಟುಬಂತು. ಗುಂಡಿಯ ಆಳ ಬಂತು, ಮೇಲಿನ ಹಲಗೆ ಬಂತು, ಕೂಗಿದರೆ ಬಾರದ ಕಾಫಿ ಬಂತು. ನಾಗರತ್ನ ಸುಮ್ಮನೆ ತಲೆ ಸವರುತ್ತಿದ್ದಳು. ಆಸ್ಪತ್ರೆಯಲ್ಲಿ ಡಾಕ್ಟರು, "ಯಾರ್ರೀ ನಿಮಗೆ ಅಡ್ಡ ಬೀಳೋಕೆ ಹೇಳಿದ್ದು?" ಎಂದು ರೇಗಿದರು. "ಯಾರೂ ಹೇಳಲಿಲ್ಲ ಸಾರ್, ಬಿದ್ದೆ" ಎಂದೆ.

ಅರಿವಳಿಕೆ ಕೊಟ್ಟು ಗುಂಡನ್ನು ಅದರ ಜಾಗಕ್ಕೆ ಕೂರಿಸಿದರು. ಮತ್ತೆ ತೂಗುಪಟ್ಟಿ, ಮತ್ತೆ ಆನೆಯ ಸೊಂಡಿಲು. ಬೆರಳುಗಳು ಮತ್ತೆ ಸೊಂಟದಿಂದ ಹೊರಟವು. ನನಗೆ ಬೇಸರವಾಗಲಿಲ್ಲ. ಅತ್ತ ಮೇಲೆ ಮೈ ಹಗುರವಾಗಿತ್ತು, ಗೋಡೆ ಹತ್ತುವುದರಲ್ಲಿ ಒಂದು ಬಗೆಯ ಹುರುಪೇ ಬಂದಿತ್ತು. ಎದೆ ದಾಟಿ ಗಲ್ಲದ ತನಕ ಬಂದೆ. ಆಗ ನಾಗರತ್ನ ಒಂದು ದಿನ ಸುಣ್ಣದ ಮಾತೆತ್ತಿದಳು.

"ವರ್ಷ ಕಳೀತಲ್ಲಣ್ಣ. ಯುಗಾದಿಗೆ ಮನೆಗೆ ಸುಣ್ಣ ಬಳಿಸ್ಬೇಕು. ಅತ್ತಿಗೆ ಎಣ್ಣೆ ಒಂದ್ಕಡೆ, ನಿನ್ನ ಪೆನ್ಸಿಲ್ ಗೀಟು ಒಂದ್ಕಡೆ. ಅದೇನ್ ಗೋಡೆನೋ, ಇಸ್ಕೂಲ್ ಹುಡುಗರ ಸ್ಲೇಟೋ?"

ಸುಣ್ಣ ಬಿದ್ದರೆ ಕಲೆ ಹೋಯಿತು. ಹಿಂದೆಯಾದರೆ ಸುಣ್ಣದ ಮೇಲೆ ಮತ್ತೆ ಬಂದು ತಲೆ ಆನಿಸುವವಳಿದ್ದಳು. ಈಗ ಯಾರು ಆನಿಸಬೇಕು? ಬೇಡ ಎಂದು ನೇರವಾಗಿ ಹೇಳಲು ನಾಚಿಕೆಯಾಯಿತು. ಎಣ್ಣೆಯ ಕಲೆಯನ್ನು ವರ್ಷಗಟ್ಟಲೆ ಬೈದವನು ನಾನೇ. "ನನ್ನ ಕೈ ಅಲ್ಲಿಗೆ ಎಟುಕಲಿ. ಎಟುಕಿದ ದಿನ ಬಳಿಸು" ಎಂದುಬಿಟ್ಟೆ. ಅವಳು ಒಪ್ಪಿಕೊಂಡಳು.

ನಾನು ಬುದ್ಧಿವಂತನೆಂದು ನನಗೆ ಅನ್ನಿಸಿದ್ದು ಒಂದು ರಾತ್ರಿ ಮಾತ್ರ. ಬೆಳಿಗ್ಗೆ ಗೋಡೆಯ ಮುಂದೆ ನಿಂತಾಗ ವ್ಯವಹಾರದ ಸೂಕ್ಷ್ಮ ಹೊಳೆಯಿತು. ಕೈ ಮೇಲೇರಿದಷ್ಟೂ ಕಲೆಗೆ ಆಯುಷ್ಯ ಕಡಿಮೆ. ಆ ದಿನದಿಂದ ನನ್ನ ಬೆರಳುಗಳು ಗಲ್ಲದ ಹತ್ತಿರವೇ ಸುಳಿದಾಡತೊಡಗಿದವು. ಹಳೆಯ ಗೀಟಿನ ಮೇಲೆಯೇ ಹೊಸ ಗೀಟು ಎಳೆದೆ. ಕೊಕ್ಕೆಕೋಲು ಮೂಲೆ ಸೇರಿತು. ಶೋಭಾ ಮೇಡಂ ಮುಂದೆ ನರಳಿದೆ, ಹಲ್ಲು ಕಚ್ಚಿದೆ. ನಾಟಕದವರೂ ಅಷ್ಟು ಚೆನ್ನಾಗಿ ನರಳಲಾರರು. ಯಾಕೆ ನಿಂತುಹೋಯಿತು ಎಂದು ಅವರಿಗೆ ತಿಳಿಯಲಿಲ್ಲ. ಹೀಗೇ ಬಿಟ್ಟರೆ ಕೀಲು ಅಲ್ಲೇ ಬಿಗಿದುಕೊಳ್ಳುತ್ತದೆ, ಆಮೇಲೆ ಯಾರಿಂದಲೂ ಆಗುವುದಿಲ್ಲ ಎಂದು ಹೆದರಿಸಿದರು. ಕೊನೆಗೆ ಮನೆಯಲ್ಲಿ ಹೇಗೆ ಮಾಡುತ್ತೀರೋ ನೋಡಬೇಕೆಂದು ಒಂದು ಸಂಜೆ ಅವರೇ ಬಂದರು.

ಗೋಡೆಯನ್ನು ನೋಡಿದರು. ಗೀಟುಗಳನ್ನು ನೋಡಿದರು. ಮೇಲಿನ ಕಲೆಯನ್ನು ನೋಡಿ, "ಇದೇನಿದು?" ಎಂದರು.

"ನಮ್ಮತ್ತಿಗೆ ತಲೆ ಕಣಮ್ಮ" ಎಂದಳು ನಾಗರತ್ನ, ಕಾಫಿ ಲೋಟ ಕೊಡುತ್ತ. "ಅಣ್ಣನ ಕೈ ಅಲ್ಲಿಗೆ ಎಟುಕಿದ್ ದಿನ ಸುಣ್ಣ ಬಳಿಯೋದು ಅಂತ ಮಾತಾಗ್ಯದೆ. ಅದ್ಕೆ ಕೈ ಮೇಲಕ್ಕೇ ಹೋಯ್ತಿಲ್ಲ. ನನಗೇನ್ ಕಣ್ಣಿಲ್ವಾ?"

ನಾನು ಲೋಟದೊಳಗೆ ನೋಡುತ್ತ ಕೂತೆ. ಶೋಭಾ ಮೇಡಂ ತಮ್ಮ ಲೋಟ ಕೆಳಗಿಟ್ಟು ಒಂದೊಂದೇ ಗೀಟಿನ ಮೇಲೆ ಬೆರಳಾಡಿಸಿದರು. ಆಮೇಲೆ ಮೆಲ್ಲಗೆ, "ಆಯಮ್ಮ ಇದ್ದಿದ್ದರೆ ಏನು ಅಂತಿದ್ದರು ಸಾರ್?" ಎಂದರು.

ಏನನ್ನುತ್ತಿದ್ದಳೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೋಡೆಗೆ ತಲೆ ಆನಿಸಿ ನಿಂತು, ಒಂದು ಕೈಯಲ್ಲಿ ಸೊಂಟ ಹಿಡಿದು, "ಕೂಗಿ ಕೂಗಿ ಕಾಫಿ ಇಳಿಸ್ಕೊಂಡು ಕುಡಿದೋರಿಗೆ ಕೈ ಎತ್ತೋದು ಎಲ್ಲಿಂದ ಬಂದಾತು" ಎನ್ನುತ್ತಿದ್ದಳು. ಮರುದಿನ ಕೊಕ್ಕೆಕೋಲನ್ನು ಮೂಲೆಯಿಂದ ತೆಗೆದೆ.

ಈ ಸಲ ನಿಜವಾಗಿ ಮಾಡಿದೆ. ಗಲ್ಲ ದಾಟಿತು, ಮೂಗು ದಾಟಿತು, ಕೈ ಹಣೆಗೆ ಬಂತು. ವಿಭೂತಿಯ ಗೆರೆಗಳು ನೆಟ್ಟಗಾದವು. ಅಲ್ಲಿಗೆ ನಿಂತಿತು. ಮೈಸೂರಿನ ಡಾಕ್ಟರು ತೋಳನ್ನು ಎತ್ತಿ, ತಿರುಗಿಸಿ, "ಇಂಥ ಪೆಟ್ಟಿಗೆ ಇಷ್ಟು ಬಂದದ್ದೇ ಹೆಚ್ಚು. ಇನ್ನು ಮೇಲೆ ಹೋಗೋದಿಲ್ಲ" ಎಂದರು. ಕಲೆ ಇನ್ನೂ ನಾಲ್ಕು ಬೆರಳು ಮೇಲಿತ್ತು. ನಿಯಮದ ಪ್ರಕಾರ ನಾನು ಗೆದ್ದಿದ್ದೆ. ಎಟುಕದ ಕೈ, ಬೀಳದ ಸುಣ್ಣ. ಆದರೆ ಗೆದ್ದವನಿಗೆ ಆಗಬೇಕಾದಷ್ಟು ಸಂತೋಷವಾಗಲಿಲ್ಲ. ಅಷ್ಟು ದಿನ ಹತ್ತಿ ಹತ್ತಿ, ಅದನ್ನು ಒಂದು ಸಲ ಮುಟ್ಟಬೇಕೆಂದು ನನಗೇ ಆಸೆಯಾಗಿಬಿಟ್ಟಿತ್ತು.

ಊಟ ಮಾಡುತ್ತ ನಾಗರತ್ನಳಿಗೆ ಡಾಕ್ಟರು ಹೇಳಿದ್ದನ್ನು ಹೇಳಿದೆ. ಅವಳು ಎದ್ದು ಹಿತ್ತಲಿಗೆ ಹೋದಳು. ಬರುವಾಗ ಕೈಯಲ್ಲಿ ಇಟ್ಟಿಗೆಯಿತ್ತು. ಗೋಡೆಯ ಬುಡದಲ್ಲಿಟ್ಟು, ಅಲ್ಲಾಡುವುದಿಲ್ಲವೆಂದು ಕಾಲಿನಿಂದ ಒತ್ತಿ ನೋಡಿ, "ಹತ್ತು" ಎಂದಳು.

"ಶೋಭಾ ಮೇಡಂ ಹಿಮ್ಮಡಿ ಎತ್ತೋದೇ ಲೆಕ್ಕಕ್ಕಿಲ್ಲ ಅಂತಾರೆ. ಇಟ್ಟಿಗೆ ಹೇಗೆ ಬರುತ್ತೆ?"

"ಅವತ್ತು ಮದ್ವೇಲಿ ಲೆಕ್ಕಕ್ಕೆ ಬರ್ಲಿಲ್ವಾ? ಅವತ್ತೂ ನಾನೇ ತಂದಿಟ್ಟಿದ್ದು. ಹತ್ತು ಸುಮ್ನೆ. ಇದು ಬಿಸಿ ಇಲ್ಲ."

ಎಡಗೈಯಲ್ಲಿ ಅವಳ ಹೆಗಲು ಹಿಡಿದು ಹತ್ತಿದೆ. ಬೆರಳುಗಳು ಒಂದೊಂದೇ ಗೀಟು ದಾಟಿ ಹೋಗಿ ಕಲೆಯನ್ನು ಮುಟ್ಟಿದವು. ಗೋಡೆ ಅಲ್ಲಿ ಮಾತ್ರ ನುಣುಪಾಗಿತ್ತು. ಅಷ್ಟೇ ಎತ್ತರದಲ್ಲಿ ಅವಳ ತಲೆ ಇಷ್ಟು ವರ್ಷ ಇತ್ತು, ನಾನು ಒಂದು ದಿನವೂ ಅಲ್ಲಿಗೆ ಕೈ ಹಾಕಿ ಸವರಿರಲಿಲ್ಲ. ಇಳಿದವನೇ, "ನಾಳೆ ಸುಣ್ಣದವರನ್ನ ಕರೆಸು" ಎಂದೆ.

ಯುಗಾದಿಗೆ ಗೋಡೆ ಬೆಳ್ಳಗಾಯಿತು. ನಾಗರತ್ನ ಬನ್ನೂರಿಗೆ ಹೋದಳು. ನಾನು ಅಂಗಡಿ, ಮನೆ, ಆನೆಯ ಸೊಂಡಿಲು ಎಂದುಕೊಂಡು ಇದ್ದೆ. ಮಳೆಗಾಲ ಬಂತು, ಗೋಡೆಗೆ ತಂಡಿ ಏರಿತು. ಗೌರಿಹಬ್ಬಕ್ಕೆ ತಂಗಿಯನ್ನು ಕರೆಯಲು ಹೊರಟ ಬೆಳಿಗ್ಗೆ ನೋಡುತ್ತೇನೆ, ಸುಣ್ಣದ ಒಳಗಿನಿಂದ ಸಾಸರಿನಗಲದ ಕಲೆ ತೆಳ್ಳಗೆ, ಹಳದಿಯಾಗಿ, ಅದೇ ಜಾಗದಲ್ಲಿ ಬಂದು ನಿಂತಿದೆ. ಮನೆಯಲ್ಲಿ ಎಣ್ಣೆ ಹಚ್ಚುವ ತಲೆ ಇರಲಿಲ್ಲ. ನನ್ನದು ಬೋಳು.

ಹಟ ಹಿಡಿದ ಆ ವರ್ಷ ಅವಳು ಆಣೆಯಿಟ್ಟು ಹೇಳಿದ್ದು ನಿಜ. ಆನಿಸಿರಲಿಲ್ಲ. ಗೋಡೆ ಕುಡಿದ ಹಳೆಯ ಎಣ್ಣೆ ತಾನಾಗಿ ಬರುತ್ತಿತ್ತು, ನಾನು ಅವಳನ್ನು ಬೈಯುತ್ತಿದ್ದೆ. ಇಟ್ಟಿಗೆ ಹತ್ತಿ, ಕಲೆಯ ಮೇಲೆ ಅಂಗೈಯಿಟ್ಟು, "ಆಯ್ತು ಮಾರಾಯ್ತಿ, ನೀನೇ ಗೆದ್ದೆ" ಎಂದೆ. ಇಟ್ಟಿಗೆ ಈಗಲೂ ಗೋಡೆಯ ಬುಡದಲ್ಲೇ ಇದೆ. ಕೇಳಿದವರಿಗೆ ವ್ಯಾಯಾಮಕ್ಕೆ ಎನ್ನುತ್ತೇನೆ. ಶೋಭಾ ಮೇಡಂ ಬಂದಾಗ ಮಾತ್ರ ಅದನ್ನು ಹಿತ್ತಲಿಗೆ ಹಾಕಿರುತ್ತೇನೆ.